ಪರದೆ ಇಲಾಖೆ

ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹಾರುವ ಗಂಡಹೆಂಡಿರಲ್ಲಿ ಗಂಡನೆಂಬ ಪ್ರಾಣಿಗೆ ಅಲ್ಲಿ ಯಾವ ಹುದ್ದೆಯೂ ಮಂಜೂರಾಗಿರುವುದಿಲ್ಲ. ಎಣ್ಣೆ ಕಾಯಿಸುವುದು, ನೀರು ಹಾಕುವುದು, ಮೆಣಸಿನ ಸಾರು ಮಾಡುವುದು, ಸಾಂಬ್ರಾಣಿ ಹಾಕಿ ಮನೆಯ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳುವಂತೆ ಮಾಡುವುದು, ಎಲ್ಲವೂ ಹೆಂಡತಿಯ ಖಾತೆ. ನಾನು ಮೂರೇ ದಿನದಲ್ಲಿ ಸೋಫಾದ ದಿಂಬುಗಳ ಪೈಕಿ ಒಬ್ಬನಾದೆ. ನಾಲ್ಕನೆಯ ದಿನ ಅಳಿಯಂದಿರು ಬಹಳ ಸಂಕೋಚದಿಂದ, "ಮಾವ, ಇಲ್ಲೊಂದು ವಾರ್ ಮ್ಯೂಸಿಯಂ ಇದೆ. ಟಿಕೆಟ್ ಇಲ್ಲ. ಎಷ್ಟು ಹೊತ್ತು ಬೇಕಾದರೂ ಇರಬಹುದು" ಎಂದರು. ಆ ಕೊನೆಯ ವಾಕ್ಯ ಹೇಳುವಾಗ ಅವರ ಮುಖದಲ್ಲಿ ಮೂಡಿದ ಆಸೆಯನ್ನು ನಾನು ಮರೆಯಲಾರೆ.

ಹೀಗೆ ನಾನು ಯುದ್ಧಕ್ಕೆ ಹೊರಟೆ.

ಇಂಪೀರಿಯಲ್ ವಾರ್ ಮ್ಯೂಸಿಯಂ ಎದುರಿಗೆ, ಯುದ್ಧನೌಕೆಗಳಿಂದ ಕಳಚಿ ತಂದ 15 ಇಂಚು ಬಾಯಿಯ ಎರಡು ತೋಪುಗಳು ಲಂಡನ್ನಿನ ಕಡೆಗೆ ಮೂತಿ ಚಾಚಿ ಕೂತಿವೆ. ಅವುಗಳ ಹಿಂದೆ ಗುಮ್ಮಟ, ಕಂಬಸಾಲು, ಒಟ್ಟಾರೆ ಹೈಕೋರ್ಟಿನ ಗಾಂಭೀರ್ಯ. 1936ರಲ್ಲಿ ಮ್ಯೂಸಿಯಂ ಇಲ್ಲಿಗೆ ಬರುವ ಮೊದಲು ಇದು ಬೆತ್ಲೆಮ್ ಆಸ್ಪತ್ರೆ, ಲಂಡನ್ನಿನ ಹೆಸರಾಂತ ಹುಚ್ಚಾಸ್ಪತ್ರೆ. ಗದ್ದಲ ಗೊಂದಲಕ್ಕೆ ಇಂಗ್ಲಿಷರು ಬಳಸುವ 'ಬೆಡ್ಲಂ' ಎಂಬ ಮಾತು ಹುಟ್ಟಿದ್ದೇ ಈ ಹೆಸರು ಜನರ ಬಾಯಲ್ಲಿ ಸವೆದು. ರೋಗಿಗಳನ್ನು ಊರಾಚೆಗೆ ಕಳಿಸಿದರು, ಯುದ್ಧದ ಸಾಮಾನನ್ನು ಒಳಗೆ ಇಟ್ಟುಕೊಂಡರು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎನ್ನುತ್ತಾರೆ ನಮ್ಮಲ್ಲಿ. ಇವರು ಎರಡನ್ನೂ ಒಂದೇ ಛತ್ರದಲ್ಲಿ ಮುಗಿಸಿದ್ದಾರೆ.

ಈ ಸಂಸ್ಥೆ ಹುಟ್ಟಿದ್ದು 1917ರಲ್ಲಿ, ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ. ಹೆಣ ಏಳುವ ಮೊದಲೇ ತಿಥಿಗೆ ಎಲೆ ಹಾಕಿದ ಹಾಗೆ. ಈಗಿನ ಕಟ್ಟಡಕ್ಕೆ ಗೃಹಪ್ರವೇಶವಾಗಿ ಮೂರೇ ವರ್ಷಕ್ಕೆ ಎರಡನೆಯ ಯುದ್ಧ ಶುರುವಾಯಿತು. ಬೇರೆ ಮ್ಯೂಸಿಯಮ್ಮುಗಳು ಹಳೆಯ ವಸ್ತು ಸಿಗುವುದಿಲ್ಲ ಎಂದು ಪರದಾಡುತ್ತವೆ. ಇದಕ್ಕೆ ಮಾತ್ರ ಸರಬರಾಜು ಎಂದೂ ನಿಂತಿಲ್ಲ.

ಒಳಗೆ ಟ್ಯಾಂಕು, ವಿಮಾನ, ಕ್ಷಿಪಣಿ ಎಲ್ಲವೂ ಇವೆ. ಆದರೆ ಪುಕ್ಕಟೆ ಬಂದವನಿಗೆ ಜನ ಕಡಿಮೆಯಿರುವ ಕೋಣೆಯೇ ಹಿತ. ಹಾಗೆ ಹುಡುಕುತ್ತ ಚಿತ್ರಗಳ ಕಡೆಗೆ ಹೋದೆ.

ಈ ಮ್ಯೂಸಿಯಂನ ಚಿತ್ರಗಳಲ್ಲಿ ದೊಡ್ಡಣ್ಣ ಎಂದರೆ ಜಾನ್ ಸಿಂಗರ್ ಸಾರ್ಜೆಂಟ್ ಬರೆದ 'ಗ್ಯಾಸ್ಡ್'. ಸುಮಾರು 20 ಅಡಿ ಉದ್ದ. ಸಾರ್ಜೆಂಟ್ ಸಿರಿವಂತರ ಮನೆಯ ಹೆಂಗಸರ ರೇಷ್ಮೆಯ ಮಿರುಗನ್ನು ಬಣ್ಣದಲ್ಲಿ ಹಿಡಿಯುವುದಕ್ಕೆ ಹೆಸರಾದವನು. 1918ರಲ್ಲಿ, ಅವನಿಗೆ 62 ವರ್ಷವಾಗಿದ್ದಾಗ, ಬ್ರಿಟಿಷ್ ಸರ್ಕಾರ ಅವನನ್ನು ಫ್ರಾನ್ಸಿನ ರಣರಂಗಕ್ಕೆ ಕಳಿಸಿತು. ಒಪ್ಪಿಸಿದ ಕೆಲಸ: ಬ್ರಿಟಿಷರೂ ಅಮೆರಿಕನ್ನರೂ ಹೆಗಲಿಗೆ ಹೆಗಲು ಕೊಟ್ಟು ಹೋರಾಡುವ ಚಿತ್ರ. ಪಾಪ, ಮುದುಕ ಎಷ್ಟು ಅಲೆದರೂ ಹೆಗಲಿಗೆ ಹೆಗಲು ಕೊಟ್ಟವರು ಕಣ್ಣಿಗೆ ಬೀಳಲಿಲ್ಲ. ಕಡೆಗೆ ಹೆಗಲ ಮೇಲೆ ಕೈ ಇಟ್ಟವರು ಸಿಕ್ಕರು. ಮಸ್ಟರ್ಡ್ ಗ್ಯಾಸ್ ತಗುಲಿ ಕಣ್ಣು ಕಾಣದ ಸಿಪಾಯಿಗಳು, ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು, ಮುಂದಿನವನ ಹೆಗಲು ಹಿಡಿದು, ಸಾಲಾಗಿ ಆಸ್ಪತ್ರೆಯ ಡೇರೆಯ ಕಡೆ ನಡೆಯುತ್ತಿದ್ದಾರೆ. ದೂರದಲ್ಲಿ ಇನ್ನೊಂದಿಷ್ಟು ಜನ ಫುಟ್‌ಬಾಲ್ ಆಡುತ್ತಿದ್ದಾರೆ. ಈ ಚಿತ್ರಕ್ಕೆ ಜಾಗ ಎಂದು ಒಂದು 'ಸ್ಮರಣಾ ಭವನ'ದ ಯೋಜನೆ ಇತ್ತು. ಆ ಭವನವನ್ನು ಕಟ್ಟಲೇ ಇಲ್ಲ. ಸ್ಮರಣೆಗೆ ಕಟ್ಟಬೇಕಾದುದನ್ನೇ ಮರೆಯುವ ಕಲೆ ನಮ್ಮ ಸರ್ಕಾರಗಳಿಗಷ್ಟೇ ಗೊತ್ತು ಎಂದುಕೊಂಡಿದ್ದೆ.

ಓದುಗರು ಆ ಬಿಳಿ ಪಟ್ಟಿಯನ್ನು ನೆನಪಿಟ್ಟುಕೊಳ್ಳಬೇಕು. ಈ ಬರಹದಲ್ಲಿ ಗಾಯಕ್ಕೆಂದು ಕಟ್ಟಿದ ಬಟ್ಟೆ ಅದೊಂದೇ. ಇನ್ನು ಮುಂದೆ ಬರುವವೆಲ್ಲ ನೋಡುವವರ ಕಣ್ಣಿಗೆ ಕಟ್ಟಿದವು.

ಸಿ. ಆರ್. ಡಬ್ಲ್ಯು. ನೆವಿನ್‌ಸನ್ ಎಂಬ ಕಲಾವಿದನನ್ನು ತೆಗೆದುಕೊಳ್ಳಿ. ಇವನೂ ಸರ್ಕಾರವೇ ನೇಮಿಸಿದ ಯುದ್ಧ ಕಲಾವಿದ. ಒಂದು ಸಿಪಾಯಿಗಳ ಗುಂಪನ್ನು ಬರೆದು ಕೊಟ್ಟ. ಸೇನೆಯ ಸೆನ್ಸಾರ್ ಅಧಿಕಾರಿ ನೋಡಿ, ಈ ಬಗೆಯ ಮನುಷ್ಯರು ಬ್ರಿಟಿಷ್ ಸೇನೆಯ ಘನತೆಗೆ ತಕ್ಕವರಲ್ಲ ಎಂದು ತಕರಾರು ತೆಗೆದ. ಮುಖ ನೋಡಿ ಮಣೆ ಹಾಕುವುದು ಬೀಗರ ಮನೆಯಲ್ಲಿ ಮಾತ್ರ ಎಂದು ತಿಳಿದಿದ್ದೆವು. ಆ ಮುಖದವರನ್ನು ಗುಂಡಿನ ಮುಂದೆ ನಿಲ್ಲಿಸುವಾಗ ಯಾವ ಅಧಿಕಾರಿಯೂ ಮೂಗು ಮುರಿದಿರಲಿಲ್ಲ. ಗೋಡೆಯ ಮೇಲೆ ನಿಲ್ಲಿಸಲು ಮಾತ್ರ ರೂಪ ಸಾಲದಾಯಿತು.

ಅದೇ ನೆವಿನ್‌ಸನ್ 1917ರಲ್ಲಿ ಇನ್ನೊಂದು ಚಿತ್ರ ಬರೆದ. ಮುಳ್ಳುತಂತಿಯ ಮುಂದೆ, ಕೆಸರಿನಲ್ಲಿ, ಬೋರಲು ಬಿದ್ದಿರುವ ಇಬ್ಬರು ಬ್ರಿಟಿಷ್ ಸಿಪಾಯಿಗಳ ಹೆಣ. ಹೆಸರು 'ಪಾತ್ಸ್ ಆಫ್ ಗ್ಲೋರಿ', ಕೀರ್ತಿಯ ಹಾದಿಗಳು. ಈ ಬಾರಿ ಮುಖ ಕಾಣದಂತೆ ಬರೆದಿದ್ದ, ಆದರೂ ಪಾಸಾಗಲಿಲ್ಲ. ನಮ್ಮ ಸಿಪಾಯಿಗಳು ಸಾಯುತ್ತಾರೆ ಎಂಬ ಸುದ್ದಿ, ಸಿಪಾಯಿಗಳು ಸಾಯುತ್ತಿರುವಾಗ ಹೊರಬರಬಾರದು. 1918ರ ಪ್ರದರ್ಶನದಲ್ಲಿ ನೆವಿನ್‌ಸನ್ ಆ ಚಿತ್ರವನ್ನು ತೂಗುಹಾಕಿಯೇ ಬಿಟ್ಟ. ಅಡ್ಡಲಾಗಿ, ನಾವು ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದೆವಲ್ಲ, ಅಂಥ ಕಂದು ಕಾಗದದ ಪಟ್ಟಿ ಅಂಟಿಸಿ, ಮೇಲೆ 'ಸೆನ್ಸಾರ್ ಮಾಡಲಾಗಿದೆ' ಎಂದು ಬರೆದ. ಅಧಿಕಾರಿಗಳು ಕೆಂಡವಾದರು. ಅವನ ಮೇಲೆ ಎರಡು ತಪ್ಪು ಹೊರಿಸಿದರು. ಚಿತ್ರ ತೂಗುಹಾಕಿದ್ದು ಒಂದು. 'ಸೆನ್ಸಾರ್' ಎಂಬ ಪದವನ್ನು ಅಪ್ಪಣೆಯಿಲ್ಲದೆ ಬಳಸಿದ್ದು ಇನ್ನೊಂದು.

ಈ ಎರಡನೆಯ ತಪ್ಪನ್ನು ಓದಿ ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಏನು ಮುಚ್ಚಿದ್ದೇವೆ ಎಂಬುದು ಗುಟ್ಟು, ಸರಿ. ಮುಚ್ಚಿದ್ದೇವೆ ಎಂಬುದೂ ಗುಟ್ಟು. ಆಡಳಿತ ಎಂದರೆ ಇದು! ಮುಂದೆ ಅದೇ ಚಿತ್ರವನ್ನು ಇದೇ ಮ್ಯೂಸಿಯಂ ದುಡ್ಡು ಕೊಟ್ಟು ಕೊಂಡಿತು.

ಇನ್ನು ವಿಲಿಯಂ ಆರ್ಪೆನ್ ಕಥೆ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದ ಚಿತ್ರ ಬರೆಯಲು ಅವನಿಗೆ ವಹಿಸಿದರು. ಜನರಲ್ಲುಗಳು, ಪ್ರಧಾನಿಗಳು, ಎಲ್ಲ ಗಣ್ಯರೂ ವರ್ಸೇಲ್ಸ್ ಅರಮನೆಯೊಳಗೆ ಬಿಜಯಂಗೈಯುವ ದೃಶ್ಯ. ತಿಂಗಳುಗಟ್ಟಲೆ ಕೂತು ಬರೆದ. ಬರೆಯುತ್ತ ಬರೆಯುತ್ತ ಗಣ್ಯರ ಮೇಲೆ ಅವನಿಗೆ ವಾಕರಿಕೆ ಬಂತು. ಎಲ್ಲರನ್ನೂ ಬಣ್ಣ ಬಳಿದು ಅಳಿಸಿಹಾಕಿ, ಅದೇ ಅಮೃತಶಿಲೆಯ ಬಾಗಿಲಲ್ಲಿ ಧ್ವಜ ಹೊದಿಸಿದ ಒಂದು ಶವಪೆಟ್ಟಿಗೆ ಇಟ್ಟ. ಪಕ್ಕದಲ್ಲಿ ಹರಕು ಬಟ್ಟೆಯ, ಪ್ರೇತದಂಥ ಇಬ್ಬರು ಸಿಪಾಯಿಗಳನ್ನು ಕಾವಲಿಗೆ ನಿಲ್ಲಿಸಿದ. 1923ರಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಜನ ಮುಗಿಬಿದ್ದು ಮೆಚ್ಚಿದರು. ಮ್ಯೂಸಿಯಂ ಮಾತ್ರ, ನಾವು ಕೇಳಿದ್ದು ಇದಲ್ಲ, ಬೇಡ ಎಂದಿತು. ಮಸಾಲೆ ದೋಸೆ ಹೇಳಿದ್ದೆ, ಹೆಣ ತಂದಿಟ್ಟಿದ್ದೀಯಲ್ಲ ಎಂಬ ಗಿರಾಕಿಯ ಧಾಟಿ. ಐದು ವರ್ಷ ಕಾದ ಆರ್ಪೆನ್, ಕೊನೆಗೆ ಆ ಇಬ್ಬರು ಸಿಪಾಯಿಗಳ ಮೇಲೂ ಬಣ್ಣ ಬಳಿದ. ಬರಿಯ ಪೆಟ್ಟಿಗೆ ಉಳಿಯಿತು. 1928ರಲ್ಲಿ ಮ್ಯೂಸಿಯಂ ಸಂತೋಷದಿಂದ ಸ್ವೀಕರಿಸಿತು.

ಒಂದೇ ಬಟ್ಟೆಯ ಮೇಲೆ ಮೊದಲು ಮಂತ್ರಿಗಳು ಹೋದರು, ಆಮೇಲೆ ಸಿಪಾಯಿಗಳು ಹೋದರು. ಪೆಟ್ಟಿಗೆಯ ಬಗ್ಗೆ ಯಾರಿಗೂ ತಕರಾರಿಲ್ಲ, ಅದು ಮುಚ್ಚಿದೆ.

ಸಂಜೆ ಮನೆಗೆ ಬಂದೆ. ಹೆಂಡತಿ ಮಗಳ ಕಿವಿಗೆ ಗಾಳಿ ಹೋಗದಂತೆ ಸ್ಕಾರ್ಫ್ ಬಿಗಿಯುತ್ತಿದ್ದಳು.

"ಏನ್ರೀ, ಏನ್ ನೋಡ್ಕೊಂಡು ಬಂದ್ರಿ?"

"ಮುಚ್ಚಿಟ್ಟಿದ್ದನ್ನ ನೋಡ್ಕೊಂಡು ಬಂದೆ ಕಣೆ" ಎಂದು ಕಾಗದದ ಪಟ್ಟಿಯ ಕಥೆ ಹೇಳಿದೆ.

ಅವಳು ಗಂಟು ಹಾಕುತ್ತ, "ನಾನು ಮುಚ್ಚೋದು ಇವಳಿಗೆ ಗಾಳಿ ತಾಗಬಾರದು ಅಂತ. ಅವರು ಯಾರಿಗೆ ತಾಗಬಾರದು ಅಂತ ಮುಚ್ಚಿದ್ರು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳಿಗೆ ಕಾಯುವ ಪುರುಸೊತ್ತೂ ಇರಲಿಲ್ಲ, ಹಾಲು ಉಕ್ಕುತ್ತಿತ್ತು.

ಅಂದು ರಾತ್ರಿ ನಿದ್ದೆ ಬಾರದೆ ನಾನೊಂದು ಯೋಜನೆ ಹಾಕಿದೆ. ದೇಶದೇಶಗಳ ಯುದ್ಧಚಿತ್ರಗಳನ್ನು ಒಟ್ಟಿಗೆ ತಂದು ಪ್ರದರ್ಶನ ಮಾಡುವುದು ಹಳೆಯ ಪದ್ಧತಿ. ಅದಕ್ಕೆ ವಿಮೆ, ವಿಮಾನ, ರಾಯಭಾರಿಗಳ ಭಾಷಣ, ಖರ್ಚು ಬಹಳ. ಅದರ ಬದಲು ಆ ಚಿತ್ರಗಳ ಮೇಲೆ ಹಾಕಿದ್ದ ಮುಚ್ಚಿಗೆಗಳನ್ನು ಮಾತ್ರ ತಂದು ತೂಗುಹಾಕಿದರೆ? ಪ್ರತಿ ದೇಶಕ್ಕೂ ಒಂದು ಗೋಡೆ. ಯಾವ ದೇಶವೂ ನಮ್ಮಲ್ಲಿಲ್ಲ ಎನ್ನುವಂತಿಲ್ಲ. ಯುದ್ಧ ಇಲಾಖೆ ಇದ್ದಲ್ಲೆಲ್ಲ ಅದಕ್ಕೆ ಅಂಟಿಕೊಂಡು, ನಾಮಫಲಕ ಇಲ್ಲದ ಒಂದು ಪರದೆ ಇಲಾಖೆ ಇದ್ದೇ ಇರುತ್ತದೆ.

ಇಂಗ್ಲೆಂಡಿನ ಕಾಗದವನ್ನು ಆಗಲೇ ನೋಡಿದಿರಿ. ಜರ್ಮನಿಯದು ಅಪ್ಪಟ ಬಟ್ಟೆಯ ಪರದೆ. ಆಟೋ ಡಿಕ್ಸ್ ಮೊದಲ ಮಹಾಯುದ್ಧದಲ್ಲಿ ಮೆಷಿನ್ ಗನ್ ಹಿಡಿದು ಹೋರಾಡಿದವನು. ನೋಡಿದ್ದನ್ನು ಮರೆಯಲಾಗದೆ 1923ರಲ್ಲಿ 'ಕಂದಕ' ಎಂಬ ದೊಡ್ಡ ಚಿತ್ರ ಬರೆದ. ಶೆಲ್ ಬಿದ್ದ ಮೇಲೆ ಒಂದು ಕಂದಕದಲ್ಲಿ ಏನೇನು ಚೆಲ್ಲಾಡಿರುತ್ತದೋ ಅದೆಲ್ಲ ಅದರಲ್ಲಿತ್ತು. ಕಲೋನ್ ನಗರದ ವಾಲ್ರಾಫ್ ರಿಚಾರ್ಟ್ಸ್ ಮ್ಯೂಸಿಯಂ ಅದನ್ನು ಕೊಂಡಿತು. ನೋಡಿದವರು ಹೌಹಾರಿದರು. ಮ್ಯೂಸಿಯಂ ಚಿತ್ರದ ಮುಂದೆ ಪರದೆ ಇಳಿಬಿಟ್ಟಿತು. ಅಷ್ಟಕ್ಕೂ ಸಮಾಧಾನವಾಗದೆ 1925ರಲ್ಲಿ ನಗರದ ಮೇಯರ್ ಖರೀದಿಯನ್ನೇ ರದ್ದುಮಾಡಿಸಿದರು. ಮ್ಯೂಸಿಯಂ ನಿರ್ದೇಶಕರು ಕುರ್ಚಿ ಬಿಡಬೇಕಾಯಿತು. ಆ ಮೇಯರ್ ಹೆಸರು ಕೊನ್ರಾಡ್ ಅಡೆನಾವರ್. ಹೌದು, ಮುಂದೆ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದ ಅದೇ ಸಭ್ಯ ಪ್ರಜಾಪ್ರಭುತ್ವವಾದಿ.

ಹಾಗಾದರೆ ಆ ಪರದೆ ಸರಿಸಿ ಚಿತ್ರವನ್ನು ಲಕ್ಷೋಪಲಕ್ಷ ಜನರಿಗೆ ತೋರಿಸಿದ ಪುಣ್ಯಾತ್ಮರು ಯಾರು? ನಾತ್ಸಿಗಳು. 1937ರಲ್ಲಿ ಮ್ಯೂನಿಕ್‌ನಲ್ಲಿ 'ಕೆಟ್ಟುಹೋದ ಕಲೆ' ಎಂದು ಹೀಯಾಳಿಸಲು ಒಂದು ಪ್ರದರ್ಶನ ಮಾಡಿ, ಇಂಥ ಚಿತ್ರಗಳನ್ನೆಲ್ಲ ಅಡ್ಡಾದಿಡ್ಡಿ ತೂಗುಹಾಕಿ, ಗೋಡೆಯ ತುಂಬ ಬೈಗುಳ ಬರೆದರು. ಆ ಒಂದೇ ಊರಿನಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಪಕ್ಕದಲ್ಲೇ ಹಿಟ್ಲರ್ ಮೆಚ್ಚಿದ 'ಮಹಾನ್ ಜರ್ಮನ್ ಕಲೆ'ಯ ಪ್ರದರ್ಶನವೂ ನಡೆಯುತ್ತಿತ್ತು. ಅಲ್ಲಿ ಇಷ್ಟು ನೂಕುನುಗ್ಗಲಿರಲಿಲ್ಲ. ಸಭ್ಯರು ಮುಚ್ಚಿದ್ದನ್ನು ದುಷ್ಟರು ತೆರೆದರು. ಆಮೇಲೆ 'ಕಂದಕ' ಕಣ್ಮರೆಯಾಯಿತು. ನನ್ನ ಪ್ರದರ್ಶನಕ್ಕೆ ಪರದೆಯಾದರೂ ಸಿಕ್ಕೀತೋ ಏನೋ, ಚಿತ್ರ ಸಿಗುವುದಿಲ್ಲ.

ರಷ್ಯದ ಗೋಡೆಗೆ ಬಟ್ಟೆಯೂ ಇಲ್ಲ, ಕಾಗದವೂ ಇಲ್ಲ. ಅಲ್ಲಿಡಬೇಕಾದ್ದು ಒಂದು ಹಿಡಿ ಬೂದಿ. ವಾಸಿಲಿ ವೆರೆಷ್ಚಾಗಿನ್ ಮಧ್ಯ ಏಷ್ಯಾದ ದಂಡಯಾತ್ರೆಗಳನ್ನು ಕಣ್ಣಾರೆ ಕಂಡು ಬರೆದವನು. ತಲೆಬುರುಡೆಗಳ ಗುಡ್ಡೆಯನ್ನು ಬರೆದು, ಹಿಂದಿನ ಇಂದಿನ ಮುಂದಿನ ಮಹಾವಿಜೇತರೆಲ್ಲರಿಗೆ ಅರ್ಪಣೆ ಎಂದು ಚೌಕಟ್ಟಿನ ಮೇಲೆ ಬರೆಸಿದ ಮಹಾನುಭಾವ. ಅವನ ಇನ್ನೊಂದು ಚಿತ್ರದಲ್ಲಿ, ಸಂಗಡಿಗರು ಬಿಟ್ಟುಹೋದ ರಷ್ಯನ್ ಸಿಪಾಯಿಯ ಹೆಣದ ಮೇಲೆ ಹದ್ದುಗಳು ಎರಗುತ್ತಿದ್ದವು. 1874ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ತೋರಿಸಿದಾಗ ಸೇನಾಧಿಕಾರಿಗಳು, ನಮ್ಮ ಸೇನೆ ಯಾರನ್ನೂ ಹಾಗೆ ಬಿಟ್ಟುಹೋಗುವುದಿಲ್ಲ ಎಂದು ಹರಿಹಾಯ್ದರು. ಮನನೊಂದ ಕಲಾವಿದ ಮೂರು ಚಿತ್ರಗಳನ್ನು ತನ್ನ ಕೈಯಾರೆ ಸುಟ್ಟುಹಾಕಿದ. ಸರ್ಕಾರಕ್ಕೆ ಪರದೆಯ ಖರ್ಚು ಉಳಿಯಿತು. ಇದೇ ವೆರೆಷ್ಚಾಗಿನ್ ನಮ್ಮ ದೇಶಕ್ಕೂ ಬಂದುಹೋಗಿ, ಬ್ರಿಟಿಷರು ಬಂಡುಕೋರರನ್ನು ತೋಪಿನ ಬಾಯಿಗೆ ಕಟ್ಟಿ ಉಡಾಯಿಸುವ ಚಿತ್ರ ಬರೆದ. ಅದನ್ನು ಕಂಡ ಬ್ರಿಟಿಷರು, ರಷ್ಯನ್ನರಿಗೆ ಬೇರೆಯವರ ದೇಶದ ಉಸಾಬರಿ ಯಾಕೆ ಎಂದು ಸಿಡುಕಿದರು. ಆ ಚಿತ್ರವೂ ಇಂದು ಎಲ್ಲೂ ಇಲ್ಲ.

ಜಪಾನಿನ ಪರದೆ ಎಲ್ಲಕ್ಕಿಂತ ನಾಜೂಕು. ಅದು ಕಾನೂನಿನ ನೂಲಿನಿಂದ ನೇಯ್ದದ್ದು. ಅಲ್ಲಿನ ಸೇನೆ ತನ್ನ ಕಲಾವಿದರಿಂದ ರಾಶಿ ರಾಶಿ ಯುದ್ಧಚಿತ್ರ ಬರೆಸಿತ್ತು. ಪ್ಯಾರಿಸ್ಸಿನಲ್ಲಿ ಬೆಕ್ಕು, ಬೆಡಗಿಯರನ್ನು ಬರೆದು ಹೆಸರು ಮಾಡಿದ್ದ ಫುಜಿತಾ ಕೂಡ 1943ರಲ್ಲಿ ಅಟ್ಟು ದ್ವೀಪದ ಕೊನೆಯ ಕಾಳಗವನ್ನು ಬರೆದ. ಅದರ ಮುಂದೆ ಜನ ಕೈ ಮುಗಿದು ಕಾಣಿಕೆ ಹಾಕುತ್ತಿದ್ದರಂತೆ. ಯುದ್ಧ ಸೋತ ಮೇಲೆ ಅಮೆರಿಕನ್ನರು 153 ಚಿತ್ರಗಳನ್ನು ವಶಪಡಿಸಿಕೊಂಡು ಹಡಗು ಹತ್ತಿಸಿದರು. ತೋರಿಸಿದರೆ ಯುದ್ಧಪ್ರಚಾರ, ಸುಟ್ಟರೆ ಕಲೆಯ ಕೊಲೆ, ಇಟ್ಟುಕೊಂಡರೆ ಕಳವು. ಏನು ಮಾಡುವುದೆಂದು ತಿಳಿಯದೆ ವರ್ಷಾನುಗಟ್ಟಲೆ ಇಟ್ಟುಕೊಂಡು, 1970ರಲ್ಲಿ ಜಪಾನಿಗೆ ಮರಳಿಸಿದರು. ಹಿಂದಕ್ಕೆ ಕೊಟ್ಟದ್ದಲ್ಲ, 'ಅವಧಿಯಿಲ್ಲದ ಸಾಲ'! ಜಪಾನಿಯರು ಬರೆದ ಚಿತ್ರ, ಜಪಾನಿನ ಸೋಲು, ಟೋಕಿಯೋದ ರಾಷ್ಟ್ರೀಯ ಆಧುನಿಕ ಕಲಾ ಮ್ಯೂಸಿಯಂ. ಆದರೂ ಅದು ಅಮೆರಿಕದಿಂದ ತಂದ ಕೈಗಡ. ಮ್ಯೂಸಿಯಂನವರಿಗೂ ಇದು ಅನುಕೂಲವೇ. ಸಾಲ ತಂದ ಪಾತ್ರೆಯನ್ನು ಯಾರೂ ಪಡಸಾಲೆಯಲ್ಲಿ ಜೋಡಿಸಿಡುವುದಿಲ್ಲ. ನಾಲ್ಕಾರು ಹೊರಗೆ, ಮಿಕ್ಕದ್ದು ಉಗ್ರಾಣದಲ್ಲಿ.

ಜರ್ಮನಿಯಿಂದಲೂ ಅಮೆರಿಕದ ಸೇನೆ 8,000ಕ್ಕೂ ಹೆಚ್ಚು ಯುದ್ಧಚಿತ್ರಗಳನ್ನು ಹೊತ್ತೊಯ್ದಿತ್ತು. ಬಹುಪಾಲನ್ನು 1980ರ ದಶಕದಲ್ಲಿ ಹಿಂದಿರುಗಿಸಿತು. ಇಟ್ಟುಕೊಂಡವುಗಳಲ್ಲಿ ಹಿಟ್ಲರ್ ಕೈಯಾರೆ ಬರೆದ ನಾಲ್ಕು ಜಲವರ್ಣ ಚಿತ್ರಗಳೂ ಇವೆ. ಬೀಗದೊಳಗೆ. ವಿಯೆನ್ನಾದ ಕಲಾಶಾಲೆ ಅವನಿಗೆ ಸೀಟು ಕೊಟ್ಟಿದ್ದರೆ ಲೋಕ ಉಳಿಯುತ್ತಿತ್ತು ಎಂದು ಪ್ರತಿಯೊಬ್ಬ ಡ್ರಾಯಿಂಗ್ ಮೇಷ್ಟ್ರೂ ಒಮ್ಮೆಯಾದರೂ ಹೇಳಿರುತ್ತಾರೆ. ಫೇಲಾದ ಡ್ರಾಯಿಂಗ್ ವಿದ್ಯಾರ್ಥಿಗಳೆಲ್ಲ ದೇಶ ಸುಡುವುದಾದರೆ ನಮ್ಮ ಹೈಸ್ಕೂಲಿನ ನಲವತ್ತು ಜನ ಇಷ್ಟು ಹೊತ್ತಿಗೆ ಭೂಮಿಯನ್ನೇ ಮುಗಿಸಿರುತ್ತಿದ್ದೆವು.

ಈ ಪ್ರದರ್ಶನದ ಪಟ್ಟದ ಆನೆ ಮಾತ್ರ ನ್ಯೂಯಾರ್ಕಿನ ಪರದೆ. ಬಣ್ಣ ನೀಲಿ. 1937ರ ಏಪ್ರಿಲ್ 26ರಂದು ಗೆರ್ನಿಕಾ ಎಂಬ ಬಾಸ್ಕ್ ಪಟ್ಟಣದ ಮೇಲೆ ಹಿಟ್ಲರನ, ಮುಸ್ಸೊಲಿನಿಯ ವಿಮಾನಗಳು ಬಾಂಬು ಸುರಿದವು. ಪಿಕಾಸೊ ಆ ಹೆಸರಿನ ಚಿತ್ರ ಬರೆದ. ಅದನ್ನು ನೋಡಿ ನೇಯ್ದ ದೊಡ್ಡದೊಂದು ನೇಯ್ಗೆಚಿತ್ರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಾಗಿಲಲ್ಲಿ 1985ರಿಂದ ತೂಗುತ್ತಿತ್ತು. ಒಳಗೆ ಹೋಗುವ ರಾಯಭಾರಿಗಳು, ಬಾಂಬು ಹಾಕಿದರೆ ಏನಾಗುತ್ತದೆಂದು ಒಮ್ಮೆ ನೋಡಿಕೊಂಡು ಹೋಗಲಿ ಎಂಬ ಉದ್ದೇಶವಿದ್ದಿರಬೇಕು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪವೆಲ್, ಇರಾಕಿನ ಮೇಲೆ ಯುದ್ಧ ಯಾಕೆ ಬೇಕು ಎಂದು ಒಳಗೆ ವಾದಿಸಿದರು. ಅಂದು ಹೊರಗಿನ ಆ ಚಿತ್ರಕ್ಕೆ ನೀಲಿ ಪರದೆ ಬಿದ್ದಿತ್ತು, ಮುಂದೆ ಬಾವುಟಗಳ ಸಾಲು. ಯಾಕೆಂದು ಕೇಳಿದರೆ, ಟೀವಿ ಕ್ಯಾಮರಾಗಳಿಗೆ ಹಿನ್ನೆಲೆ ಚೆನ್ನಾಗಿ ಬರಲಿ ಎಂದು ಎಂಬ ಉತ್ತರ ಬಂತು. ಮಂತ್ರಿಗಳು ಯುದ್ಧದ ಮಾತಾಡುತ್ತಿರುವಾಗ ಅವರ ಭುಜದ ಮೇಲಿಂದ ಆ ಚಿತ್ರದ ಕುದುರೆ ಬಾಯಿ ತೆರೆದು ಅರಚುತ್ತಿದ್ದರೆ ಯಾರ ಮಾತು ಕೇಳುವುದು? ಕ್ಯಾಮರಾದವರ ಕಷ್ಟ ನಿಜವೇ. ಪವೆಲ್ ಅಂದು ವರ್ಣಿಸಿದ ಆಯುಧಗಳು ಇರಾಕಿನಲ್ಲಿ ಸಿಗಲಿಲ್ಲ. ಚಿತ್ರ ಮುಚ್ಚಿದ್ದರೂ ಅಲ್ಲಿತ್ತು, ಆಯುಧ ತೆರೆದು ನೋಡಿದರೂ ಇರಲಿಲ್ಲ.

ಪ್ರಾಯೋಜಕರು ಬೇಕಲ್ಲ ಎನ್ನುತ್ತೀರಿ. ಆ ಚಿಂತೆಯಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಇಟಲಿಯ ಶಸ್ತ್ರಾಸ್ತ್ರ ಕಂಪನಿ ಫಿನ್‌ಮೆಕಾನಿಕಾ ಪ್ರಾಯೋಜಕತ್ವ ಕೊಟ್ಟಿತ್ತು. ಜನ ಪ್ರತಿಭಟಿಸಿದ ಮೇಲೆ 2012ರಲ್ಲಿ ಅವಧಿಗೆ ಮೊದಲೇ ಆ ಒಪ್ಪಂದ ಮುಗಿಯಿತು. ನನ್ನ ಪ್ರದರ್ಶನಕ್ಕೆ ಅಂಥವರಿಂದ ಹಣ ಬಂದರೆ ಸಂತೋಷವಾಗಿ ಇಸಿದುಕೊಳ್ಳುತ್ತೇನೆ. ಗಾಯವನ್ನೂ ಮುಲಾಮನ್ನೂ ಒಂದೇ ಅಂಗಡಿಯಲ್ಲಿ ಕೊಂಡರೆ ಬಿಲ್ಲು ಒಂದೇ.

ಸ್ಮರಣಿಕೆಯ ಅಂಗಡಿಗೂ ಸರಕು ಸಿದ್ಧವಾಗಿದೆ. ಅಳಿಯಂದಿರ ಮನೆಯಲ್ಲಿ ನನಗೆ ಕಾಫಿ ಬರುತ್ತಿದ್ದ ಮಗ್ಗಿನ ಮೇಲೆ 'ಕೀಪ್ ಕಾಮ್ ಅಂಡ್ ಕ್ಯಾರಿ ಆನ್' ಎಂದು ಬರೆದಿತ್ತು. ಗಾಬರಿ ಬೇಡ, ನಿಮ್ಮ ಕೆಲಸ ನೋಡಿಕೊಳ್ಳಿ ಎಂದು. 1939ರಲ್ಲಿ ಬ್ರಿಟಿಷ್ ಸರ್ಕಾರ ಸುಮಾರು 25 ಲಕ್ಷ ಪ್ರತಿ ಮುದ್ರಿಸಿ, ಶತ್ರು ಮನೆಯೊಳಗೆ ಬಂದರೆ ಅಂಟಿಸೋಣ ಎಂದು ಕಟ್ಟಿಟ್ಟ ಭಿತ್ತಿಪತ್ರ ಅದು. ಶತ್ರು ಬರಲಿಲ್ಲ. ಬಹುತೇಕ ಪ್ರತಿಗಳು ರದ್ದಿಗೆ ಹೋದವು. 2000ದಲ್ಲಿ ಆಲ್ನಿಕ್ ಎಂಬ ಊರಿನ ಹಳೇ ಪುಸ್ತಕದಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿತು. ಅಲ್ಲಿಂದ ಮಗ್ಗು, ಚೀಲ, ಟವೆಲ್ಲು, ಮಗುವಿನ ಬಿಬ್ಬು. ಯುದ್ಧಕ್ಕೇ ಹೋಗದ ಸಿಪಾಯಿಗೆ ಇಷ್ಟು ಪದಕಗಳು!

ತಮಾಷೆ ಇಲ್ಲಿಗೆ ತುಸು ನಿಲ್ಲಲಿ. ಜರ್ಮನಿಯ ಕಲಾವಿದೆ ಕೇಥೆ ಕೊಲ್ವಿಟ್ಸ್ ಎಂಬ ತಾಯಿಯನ್ನು ಈ ಪಟ್ಟಿಯಲ್ಲಿ ಎಲ್ಲಿಡುವುದೆಂದು ನನಗೆ ತಿಳಿಯುತ್ತಿಲ್ಲ. 1914ರಲ್ಲಿ ಅವಳ ಮಗ ಪೀಟರ್‌ಗೆ 18 ವರ್ಷ. ಸೇನೆಗೆ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪ ಒಲ್ಲೆ ಎಂದ. ಮಗನ ಪರವಾಗಿ ಅಪ್ಪನನ್ನು ಒಪ್ಪಿಸಿದವಳು ತಾಯಿ. ಅದೇ ಅಕ್ಟೋಬರಿನಲ್ಲಿ ಬೆಲ್ಜಿಯಂನಲ್ಲಿ ಹುಡುಗ ಸತ್ತ. ಅವನ ಸಮಾಧಿಗೆ ಒಂದು ಶಿಲ್ಪ ಮಾಡಲು ಹೊರಟವಳಿಗೆ ಅದು ಮುಗಿದದ್ದು 1932ರಲ್ಲಿ. ಮೊಣಕಾಲೂರಿದ ಅಪ್ಪ, ಮೊಣಕಾಲೂರಿದ ಅಮ್ಮ. ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ನಡುವೆ ತೆರಪಿದೆ. ಬೆಲ್ಜಿಯಂನ ಫ್ಲಾಡ್ಸ್ಲೋದ ಸ್ಮಶಾನದಲ್ಲಿ ಇಂದಿಗೂ ಹಾಗೇ ಇದ್ದಾರೆ. ಅದೇ ಪೀಟರ್ ಹೆಸರಿಟ್ಟ ಮೊಮ್ಮಗ 1942ರಲ್ಲಿ ರಷ್ಯದಲ್ಲಿ ಸತ್ತ.

ಅವಳು ಮಾಡಿದ ಇನ್ನೊಂದು ಪುಟ್ಟ ಶಿಲ್ಪ, ಸತ್ತ ಮಗನನ್ನು ಮಡಿಲಿಗೆ ಎಳೆದುಕೊಂಡ ತಾಯಿ. ಮೇಜಿನ ಮೇಲಿಡುವಷ್ಟು ಗಾತ್ರದ್ದು. 1993ರಲ್ಲಿ ಜರ್ಮನ್ ಸರ್ಕಾರ ಅದನ್ನು ನಾಲ್ಕು ಪಟ್ಟು ಹಿಗ್ಗಿಸಿ ಬರ್ಲಿನ್ನಿನ ನೋಯ ವಾಖೆ ಸ್ಮಾರಕದಲ್ಲಿ ಕೂರಿಸಿತು. ಸರ್ಕಾರಗಳ ಬಳಿ ಎರಡೇ ಉಪಕರಣ: ಪರದೆ, ಇಲ್ಲವೇ ಭೂತಗನ್ನಡಿ. ಚಾವಣಿಯ ನಡುವೆ ದುಂಡನೆಯ ಬಾಯಿ ಬಿಟ್ಟಿದ್ದಾರೆ, ಮಳೆ ಹಿಮ ಅವಳ ಮೇಲೇ ಬೀಳುತ್ತವೆ. ಆಹಾ, ಕೊನೆಗೂ ಮುಚ್ಚಿಗೆಯಿಲ್ಲದ ಒಂದು ಕಲೆ ಎಂದುಕೊಳ್ಳುವಷ್ಟರಲ್ಲಿ ನೆಲದ ಮೇಲಿನ ಬರಹ ಕಾಣುತ್ತದೆ: ಯುದ್ಧಕ್ಕೂ ದಬ್ಬಾಳಿಕೆಗೂ ಬಲಿಯಾದವರಿಗೆ. ಕೊಂದವರನ್ನೂ ಕೊಲೆಯಾದವರನ್ನೂ ಒಂದೇ ಕಂಬಳಿಯಡಿ ಮಲಗಿಸಿದ್ದೀರಲ್ಲ ಎಂದು ಜರ್ಮನರೇ ಆಗ ಜಗಳ ತೆಗೆದರು.

ನಮ್ಮದೇನು ಎಂದು ಕೇಳುವಿರಿ. ನಮ್ಮ ವೀರಗಲ್ಲುಗಳು ಅಪ್ಪಟ ಯುದ್ಧಕಲೆಯೇ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಮೂರಂತಸ್ತಿನ ಈ ಕಲ್ಲಿನಲ್ಲಿ ಹೆಂಡತಿ ಮಕ್ಕಳಿಗೆಂದು ಒಂದು ಅಂತಸ್ತು ಕೆತ್ತಲು ಮರೆತದ್ದು ಬಿಟ್ಟರೆ ಬೇರೆ ಮುಚ್ಚುಮರೆಯಿಲ್ಲ. ತಕ್ಕೋಲದ ಯುದ್ಧದ ವಿವರ ಹೇಳುವ ಹತ್ತನೆಯ ಶತಮಾನದ ಆತಕೂರು ಶಾಸನವನ್ನು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಕಾಪಾಡಿಕೊಂಡಿದೆ. ಅದರ ಮೇಲೆ ಚಿತ್ರವಾಗಿ ಕೆತ್ತಿರುವುದು ಆ ಯುದ್ಧದಲ್ಲಿ ಮಡಿದ ಚೋಳ ರಾಜಕುಮಾರನ ಸಾವನ್ನಲ್ಲ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು. ಆ ನಾಯಿಯ ಹೆಸರಿನಲ್ಲಿ ಭೂಮಿಯನ್ನೂ ಬಿಟ್ಟರು. ಸೆನ್ಸಾರ್ ಅಧಿಕಾರಿ ಮೆಚ್ಚುವ ಯುದ್ಧಚಿತ್ರವೆಂದರೆ ಇದೇ ಇರಬೇಕು. ಇನ್ನು ಊರೂರಿನ ಕೆರೆ ಏರಿಯ ಮೇಲಿನ ವೀರಗಲ್ಲುಗಳಿಗೆ ನಾವು ಬಟ್ಟೆ ಮುಚ್ಚುವವರಲ್ಲ. ಅವುಗಳ ಮೇಲೆ ಬಟ್ಟೆ ಒಗೆಯುತ್ತೇವೆ.

ಆದರೆ ಪರದೆ ಇಲಾಖೆಯ ನಿಜವಾದ ಕರ್ನಾಟಕ ಶಾಖೆ ಶ್ರೀರಂಗಪಟ್ಟಣದಲ್ಲಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೆಯ್ಲಿಯ ಕಂಪನಿ ಪಡೆಯನ್ನು ಪುಡಿಗಟ್ಟಿದರು. ಆ ಗೆಲುವನ್ನು ಟಿಪ್ಪು ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬರೆಸಿದ. ಮದ್ದಿನ ಬಂಡಿ ಸಿಡಿಯುತ್ತಿದೆ, ಕೆಂಪಂಗಿಗಳ ಚೌಕ ಒಡೆಯುತ್ತಿದೆ, ಬೆಯ್ಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಅಪ್ಪ ಮಗ ಮಾತ್ರ ಆನೆಯ ಮೇಲೆ ಜಂಬೂಸವಾರಿಗೆ ಬಂದವರಂತೆ ನಿರಾಳ. ಹೂ ಮೂಸುವ ಹೊತ್ತಿನಲ್ಲಿ ಯಾರೋ ಗಲಾಟೆ ಮಾಡುತ್ತಿದ್ದಾರಲ್ಲ ಎಂಬ ಭಾವ. ಇದು ಟಿಪ್ಪುವಿನ ಭೂತಗನ್ನಡಿ, ಸಂಶಯವಿಲ್ಲ.

ಬ್ರಿಟಿಷರು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾಲಕ್ಕೆ ಈ ಗೋಡೆಗೆ ಸುಣ್ಣ ಬಳಿದಿದ್ದರಂತೆ. ಕಾಗದ, ಪರದೆ, ಬಣ್ಣ, ಬೆಂಕಿ ಆಯಿತು. ನಮ್ಮ ಕೊಡುಗೆ ಸುಣ್ಣ. 1799ರಲ್ಲಿ ಟಿಪ್ಪು ಸತ್ತ. ಅದೇ ಅರಮನೆಯಲ್ಲಿ ಕರ್ನಲ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದ ವೆಲಿಂಗ್ಟನ್, ಬಿಡಾರ ಹೂಡಿದ. ಅವನು ಆ ಚಿತ್ರವನ್ನು ರಿಪೇರಿ ಮಾಡಿಸಿದ. ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿ ಹೊಸದಾಗಿ ಬರೆಸಿದ. ತಮ್ಮ ಸೋಲಿನ ಚಿತ್ರವನ್ನು ತಮ್ಮದೇ ದುಡ್ಡಿನಲ್ಲಿ ತಿದ್ದಿಸಿದ ದೊಡ್ಡ ಮನಸ್ಸು ಎಂದು ನಮ್ಮ ಗೈಡುಗಳು ಇದನ್ನು ಹೊಗಳುವುದುಂಟು. ದೊಡ್ಡ ಮನಸ್ಸಲ್ಲ ಸ್ವಾಮಿ, ಪರದೆ ಇಲಾಖೆಯ ಏಕೈಕ ನಿಯಮ ಅದು. ಹಾವಿನ ಹಲ್ಲು ಕಿತ್ತ ಮೇಲೆ ಬುಟ್ಟಿಯ ಮುಚ್ಚಳ ತೆಗೆದು ಪುಂಗಿ ಊದಬಹುದು. ನೆವಿನ್‌ಸನ್ನನ ಹೆಣಗಳನ್ನು ಮ್ಯೂಸಿಯಂ ಕೊಂಡದ್ದೂ ಹಾಗೆಯೇ, ಆ ಇಬ್ಬರು ಎದ್ದು ಬಂದು ಯಾರನ್ನೂ ಏನೂ ಕೇಳುವಂತಿರಲಿಲ್ಲ.

ಗೆದ್ದ ಬ್ರಿಟಿಷರು ತಮ್ಮ ಭೂತಗನ್ನಡಿಯನ್ನೂ ಮರೆಯಲಿಲ್ಲ. ಶ್ರೀರಂಗಪಟ್ಟಣವನ್ನು ಕಣ್ಣಿನಿಂದಲೂ ನೋಡಿರದ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಆರು ವಾರಗಳಲ್ಲಿ 120 ಅಡಿ ಉದ್ದದ ಕೋಟೆ ಮುತ್ತಿಗೆಯ ಚಿತ್ರ ಬರೆದು, 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ಟಿಕೆಟ್ ಇಟ್ಟು ತೋರಿಸಿದ. ಜನ ನುಗ್ಗಿದರು. ಮೂಲಚಿತ್ರ ಮುಂದೆ ಬೆಂಕಿಗೆ ಆಹುತಿಯಾಯಿತು. ಟಿಪ್ಪುವಿನ ಪೊಲ್ಲಿಲೂರಿನ ಅದೃಷ್ಟ ಹಾಗಲ್ಲ. ಅದೇ ಕಾಳಗದ, ಕಾಗದದ ಹತ್ತು ಹಾಳೆಗಳ ಮೇಲೆ ಬರೆದ ಸುಮಾರು 32 ಅಡಿಯ ಒಂದು ಚಿತ್ರ 2022ರ ಮಾರ್ಚಿನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ಬೆಯ್ಲಿ ಬೆರಳು ಕಚ್ಚಿಕೊಂಡದ್ದು ಅಂದು ಸೋಲಿಗೋ, ಇಂದಿನ ಬೆಲೆಗೋ ಹೇಳಲಾರೆ.

ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ದರಿಯಾ ದೌಲತ್‌ಗೆ ಹೋದೆ. ಹೊರಗಿನಿಂದ ನೋಡಿದರೆ ಕಂಬಗಳ ನಡುವೆಲ್ಲ ಉದ್ದನೆಯ ಹಸಿರು ಪರದೆಗಳು ಇಳಿಬಿದ್ದಿವೆ. ಇಲ್ಲೂ ಪರದೆಯೇ ಎಂದು ನಾನು ಉತ್ಸಾಹದಿಂದ ನೋಟ್‌ಬುಕ್ ತೆಗೆದೆ. ಹೆಂಡತಿ ಒಂದು ಮೂಲೆ ಎತ್ತಿ ನೋಡಿ, "ಬಿಸಿಲಿಗ್ ಕಣ್ರೀ. ಬಣ್ಣ ಹೋಗಬಾರದು ಅಂತ ಹಾಕಿದಾರೆ" ಎಂದಳು. ನೋಟ್‌ಬುಕ್ ಒಳಗಿಟ್ಟೆ. ಒಳಗೆ, ಪಶ್ಚಿಮದ ಗೋಡೆಯ ಮೇಲೆ, ಬೆಯ್ಲಿ ಇನ್ನೂ ಪಲ್ಲಕ್ಕಿಯಲ್ಲೇ ಕೂತಿದ್ದಾನೆ.